ನಾಯಿಯ ಉಣ್ಣೆ ಔಷಧಿಗೆ ಮೊದಲು ಮನೆಯ ಲೆಕ್ಕ

ಮಂಡ್ಯದಲ್ಲಿ ನನ್ನದೊಂದು ಪಶು ಔಷಧಿ ಅಂಗಡಿ ಇದೆ. ಹಸು, ಎಮ್ಮೆ, ಕುರಿಗಳ ಔಷಧಿಯೇ ಮುಖ್ಯ ವ್ಯಾಪಾರ. ನಾಯಿ, ಬೆಕ್ಕಿನ ಸಾಮಾನು ಮೊದಲು ಒಂದು ಮೂಲೆಯಲ್ಲಿತ್ತು, ಈಗ ಎರಡು ಬೀರು ತುಂಬಿದೆ. ನಾನು ಫಾರ್ಮಸಿ ಓದಿದವಳು, ಪಶುವೈದ್ಯೆಯಲ್ಲ. ಯಾವ ಕಾಯಿಲೆ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಔಷಧಿ ಕೊಂಡುಹೋದವರು ಅದನ್ನು ಏನು ಮಾಡುತ್ತಾರೆ ಎಂಬುದು ಆಸ್ಪತ್ರೆಗಿಂತ ಅಂಗಡಿಗೇ ಚೆನ್ನಾಗಿ ಗೊತ್ತಾಗುತ್ತದೆ. ಕೆಲಸ ಮಾಡದ ಬಾಟಲಿ ಹಿಡಿದು ಜಗಳಕ್ಕೆ ಬರುವುದು ನನ್ನ ಹತ್ತಿರವೇ ತಾನೆ.

"ಅಕ್ಕಾ, ನಾಯಿಗೆ ಉಣ್ಣೆಯಾಗಿದೆ, ಏನಾದರೂ ಕೊಡಿ" ಎಂದು ಬಂದವರಿಗೆ ನಾನು ತಕ್ಷಣ ಏನನ್ನೂ ಕೊಡುವುದಿಲ್ಲ. ನಾಯಿ ಎಷ್ಟು ಕಿಲೋ? ಎಲ್ಲಿ ಮಲಗುತ್ತದೆ? ಮನೆಯಲ್ಲಿ ಬೆಕ್ಕಿದೆಯೇ? ರೇಷ್ಮೆಹುಳು ಸಾಕಿದ್ದೀರಾ? ಅಂಬೆಗಾಲಿಡುವ ಮಗು? ಬಸುರಿ ಹೆಂಗಸರು? "ಔಷಧಿ ಕೇಳಿದರೆ ಜನಗಣತಿ ಮಾಡುತ್ತೀರಲ್ಲಮ್ಮ" ಎಂದು ಯಜಮಾನರೊಬ್ಬರು ರೇಗಿದ್ದೂ ಉಂಟು. ಗಣತಿ ಮಾಡದೆ ಕೊಟ್ಟರೆ ಒಂದೋ ಔಷಧಿ ದಂಡ, ಇಲ್ಲವೇ ಮನೆಯಲ್ಲಿ ಇನ್ನೊಂದು ಜೀವಕ್ಕೆ ಸಂಚಕಾರ. ಅಂಗಡಿಯಲ್ಲಿ ಹಿಂದೆ ಜನ ನಿಂತಿರುವಾಗ ಪೂರ್ತಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಿ ಮಲಗುತ್ತದೆ?

ನಮ್ಮ ಕಡೆ ನಾಯಿಗಳ ಮೇಲೆ ಕಾಣುವುದು ಬಹುಮಟ್ಟಿಗೆ ಕಂದು ನಾಯಿ ಉಣ್ಣೆ. ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಬೇರೆ ಎಷ್ಟೋ ಉಣ್ಣೆಗಳು ಹುಲ್ಲು, ಪೊದೆ, ಕಾಡಿನಲ್ಲಿ ಬದುಕಿದರೆ ಇದು ಮನೆಯೊಳಗೇ ಸಂಸಾರ ಹೂಡುತ್ತದೆ. ಹುಟ್ಟಿದಾಗ ಆರು ಕಾಲಿನ ಮರಿ, ಆಮೇಲೆ ಎಂಟು ಕಾಲಿನ ಎಳೆ ಉಣ್ಣೆ, ಕೊನೆಗೆ ಬಲಿತದ್ದು. ಈ ಮೂರು ಹಂತದಲ್ಲೂ ಒಮ್ಮೊಮ್ಮೆ ರಕ್ತ ಕುಡಿಯುತ್ತದೆ, ಪ್ರತಿ ಸಲವೂ ಕುಡಿದಾದ ಮೇಲೆ ನಾಯಿಯಿಂದ ಇಳಿದುಹೋಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಬೂದುಬಣ್ಣದ ಅವರೆಕಾಳಿನಷ್ಟು ಊದಿಕೊಂಡು ಉದುರುತ್ತದೆ. ಉದುರಿದ್ದು ನೆಲದಲ್ಲಿ ಕೂರುವುದಿಲ್ಲ, ಗೋಡೆ ಹತ್ತುತ್ತದೆ. ಬಾಗಿಲ ಚೌಕಟ್ಟಿನ ಹಿಂದೆ, ಗಾರೆ ಬಿರುಕಿನಲ್ಲಿ, ತೊಲೆ ಮತ್ತು ಗೋಡೆ ಸೇರುವ ಸಂದಿನಲ್ಲಿ 4,000ದವರೆಗೂ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ರಕ್ತ ಸಿಗದಿದ್ದರೂ ಬಲಿತ ಉಣ್ಣೆ ತಿಂಗಳುಗಟ್ಟಲೆ ಸಂದಿನಲ್ಲಿ ಉಪವಾಸ ಕಾಯಬಲ್ಲದು.

ನಾಯಿಗೆ ಸ್ನಾನ ಮಾಡಿಸಿ, ಔಷಧಿ ಹಚ್ಚಿ, ಮತ್ತೆ ಅದೇ ಗೋಣಿಚೀಲದ ಮೇಲೆ ಮಲಗಿಸಿದರೆ ಹದಿನೈದು ದಿನದಲ್ಲಿ ಹೊಸ ಉಣ್ಣೆ ಬರುವುದು ಇದೇ ಕಾರಣಕ್ಕೆ. ಔಷಧಿಯನ್ನು ಬೈಯುವ ಮೊದಲು ನಾಯಿ ಮಲಗುವ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿ. ಕೆಳಗಲ್ಲ, ಮೇಲೆ ನೋಡಿ. ನಾಯಿಗೂಡಿನ ಒಳಮೇಲ್ಭಾಗ, ಹಳೆ ಮನೆಯಾದರೆ ಜಗುಲಿಯ ಕಂಬದ ಬುಡ ಮತ್ತು ತಲೆ, ಹೆಂಚಿನ ಕೆಳಗಿನ ರೀಪು, ಹೊಸ ಮನೆಯಾದರೆ ಕಾರ್ ಷೆಡ್ಡಿನ ಸ್ವಿಚ್ ಬೋರ್ಡ್ ಹಿಂಬದಿ, ಟೈಲ್ಸ್ ಅಂಚು. ಮೈಸೂರಿನಲ್ಲಿ ನಮ್ಮ ಅಕ್ಕನ ಬೀದಿಯಲ್ಲಿ ದೊಡ್ಡ ಬಂಗಲೆಯವರು ತಮ್ಮ ಜರ್ಮನ್ ಶೆಫರ್ಡ್ ನಾಯಿಗೆ ಏನೆಲ್ಲ ಹಾಕಿದರೂ ಉಣ್ಣೆ ಹೋಗದೆ ಒದ್ದಾಡುತ್ತಿದ್ದರು. ಕೊನೆಗೆ ಕೆಲಸದವರು ಕಾಂಪೌಂಡಿನ ಕಡಪ ಕಲ್ಲಿನ ಹೊದಿಕೆಯ ಸಂದು ಕೆದಕಿದಾಗ ಅಲ್ಲಿಂದ ಉಣ್ಣೆಯ ಸಾಲೇ ಹೊರಟಿತಂತೆ.

ಜಾಗದ ಕೆಲಸ ಹೀಗೆ ಮಾಡಿ. ಗೋಣಿಚೀಲ, ಹಳೇ ಕಂಬಳಿ, ಹರಿದ ಹಾಸಿಗೆ ಮೊದಲು ಹೊರಗೆ ಬರಲಿ. ಗೋಣಿಯನ್ನು ಸುಟ್ಟುಬಿಡಿ. ಅದರ ನೇಯ್ಗೆಯ ಕಣ್ಣುಗಳಲ್ಲಿ ಮರಿ ಉಣ್ಣೆ ಅಡಗಿದರೆ ತೆಗೆಯುವುದು ಯಾರಿಂದಲೂ ಆಗದು. ಒಗೆಯಬಹುದಾದ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಉರಿಬಿಸಿಲಿಗೆ ಹಾಕಿ. ಇನ್ನು ಮೇಲೆ ನಾಯಿಗೆ ತೆಳುವಾದ ಹತ್ತಿ ಬಟ್ಟೆ ಹಾಸಿ, ವಾರಕ್ಕೊಮ್ಮೆ ಬದಲಿಸಿ. ಆಮೇಲೆ ಗೋಡೆ. ಬಿರುಕುಗಳಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸಿಮೆಂಟ್ ಅಥವಾ ಪುಟ್ಟಿ ತುಂಬಿ ಮುಚ್ಚಿ, ಸುಣ್ಣ ಹೊಡೆಯಿರಿ. ಬಿರುಕೇ ಇಲ್ಲದಿದ್ದರೆ ಮೊಟ್ಟೆಗೆ ಜಾಗವೂ ಇಲ್ಲ. ಕೊಟ್ಟಿಗೆಯಲ್ಲಿ ಬ್ಲೋ ಲ್ಯಾಂಪ್ ಹಿಡಿದು ಸಂದುಗಳನ್ನು ಸುಡುವವರಿದ್ದಾರೆ. ಉಣ್ಣೆ ಸಾಯುವುದು ನಿಜ, ಆದರೆ ಪಕ್ಕದಲ್ಲೇ ಹುಲ್ಲಿನ ಮೆದೆ ಇಟ್ಟುಕೊಂಡು ಆ ಸಾಹಸ ಬೇಡ.

ಸಿಂಪಡಿಸುವ ಕೀಟನಾಶಕ ಬಳಸುವುದಾದರೆ ನಾಯಿ, ಬೆಕ್ಕು, ಮಕ್ಕಳು ಎಲ್ಲರೂ ಹೊರಗೆ. ಅದು ಪೂರ್ತಿ ಒಣಗುವವರೆಗೆ ಒಳಗೆ ಬರಕೂಡದು. ಮೀನಿನ ತೊಟ್ಟಿಯಿದ್ದರೆ ಮುಚ್ಚಿ, ಅದರ ಗಾಳಿ ಮೋಟಾರ್ ನಿಲ್ಲಿಸಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮೀನಿಗೆ ಕಡು ವಿಷ. ಒಂದು ಸಲ ಹೊಡೆದು ಸುಮ್ಮನಾಗಬೇಡಿ. ಮೊಟ್ಟೆಗೆ ಔಷಧಿ ಅಷ್ಟಾಗಿ ತಾಗುವುದಿಲ್ಲ, ಅವು ಒಡೆದು ಮರಿ ಹೊರಬರುವ ಹೊತ್ತಿಗೆ, ಎಂದರೆ ಎರಡು ಮೂರು ವಾರ ಬಿಟ್ಟು, ಇನ್ನೊಮ್ಮೆ ಹೊಡೆಯಬೇಕಾಗುತ್ತದೆ.

ಕೋಳಿ ಬಿಟ್ಟರೆ ಉಣ್ಣೆ ತಿನ್ನುತ್ತದೆ ಎಂದು ಹಳ್ಳಿಯವರು ಹೇಳುತ್ತಾರೆ. ತಿನ್ನುತ್ತದೆ. ಆದರೆ ಕೋಳಿಯ ಕೊಕ್ಕು ಚೌಕಟ್ಟಿನ ಹಿಂದೆ ಹೋಗುವುದಿಲ್ಲ.

ರೇಷ್ಮೆಹುಳು ಮನೆ ಇದ್ದರೆ

ಮಳವಳ್ಳಿ, ಮದ್ದೂರು ಕಡೆಯಿಂದ ಬರುವವರಿಗೆ ನಾನು ಈ ಪ್ರಶ್ನೆಯನ್ನು ಕೇಳದೆ ಬಿಡುವುದೇ ಇಲ್ಲ. ರೇಷ್ಮೆಹುಳುವೂ ಒಂದು ಕೀಟವೇ. ಉಣ್ಣೆ, ಚಿಗಟ ಸಾಯಿಸುವ ಔಷಧಿಗೆ ಅದು ನಿಮ್ಮ ಹುಳು, ಇದು ನಾಯಿಯ ಹುಳು ಎಂಬ ಭೇದವಿಲ್ಲ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥವು ರೇಷ್ಮೆಹುಳುವಿಗೆ ಅತಿ ಸ್ವಲ್ಪ ಪ್ರಮಾಣದಲ್ಲೂ ಮಾರಕ. ನಾಯಿಗೆ ಸಿಂಪಡಿಸಿದ ಕೈಯಲ್ಲೇ ಸೊಪ್ಪು ಹಾಕಿದರೆ, ಔಷಧಿ ಹಚ್ಚಿದ ನಾಯಿ ಸೊಪ್ಪಿನ ಹೊರೆಯ ಮೇಲೆ ಮಲಗಿದರೆ, ಜಗುಲಿಯಲ್ಲಿ ಹೊಡೆದದ್ದು ಗಾಳಿಗೆ ಹುಳು ಮನೆಯ ಕಿಟಕಿಯಿಂದ ಒಳಗೆ ಹೋದರೆ ಸಾಕು. ಹುಳು ಬಾಯಿಂದ ದ್ರವ ಕಾರಿ, ಮೈ ತಿರುಚಿಕೊಂಡು ಸಾಯುತ್ತದೆ. ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವುದು ಮುಗಿದು, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹೋಗಬೇಕು ಎನ್ನುವ ಹೊತ್ತಿಗೆ ಹೀಗಾದರೆ ಆ ಬೆಳೆಗೆ ಹಾಕಿದ ಸೊಪ್ಪು, ಕೂಲಿ ಎಲ್ಲ ಹೋಯಿತು.

ಅಂಥ ಮನೆಯವರಿಗೆ ನಾನು ಹೇಳುವುದು ಇಷ್ಟು. ಸಿಂಪಡಿಸುವುದು, ಮೈಗೆ ಸವರುವುದು, ಪುಡಿ ಉದುರಿಸುವುದು, ಔಷಧಿ ಹಾಕಿದ ಕೊರಳಪಟ್ಟಿ, ಇವು ಯಾವುವೂ ಬೇಡ. ಪಶುವೈದ್ಯರಿಂದ ಚೀಟಿ ಬರೆಸಿಕೊಂಡು ನಾಯಿಗೆ ನುಂಗಿಸುವ ಮಾತ್ರೆ ತನ್ನಿ. ಔಷಧಿ ನಾಯಿಯ ರಕ್ತದಲ್ಲಿರುತ್ತದೆ, ಕೂದಲಿಗೆ ಹಚ್ಚಿದ್ದು ಎಂಬುದಿರುವುದಿಲ್ಲ. ಗೋಡೆಯ ಕೆಲಸವನ್ನು ಬಿಸಿನೀರು, ಪುಟ್ಟಿ, ಸುಣ್ಣದಲ್ಲೇ ಮುಗಿಸಿ. ಸುಣ್ಣ ಹೇಗೂ ಹುಳು ಸಾಕುವವರ ಮನೆಯಲ್ಲಿ ಇದ್ದೇ ಇರುತ್ತದೆ. ನಾಯಿ ಮುಟ್ಟಿದ ಮೇಲೆ ಕೈ ತೊಳೆಯದೆ ಹುಳು ಮನೆಗೆ ಕಾಲಿಡಬೇಡಿ.

ಬೆಕ್ಕು ಇದ್ದರೆ

ಪರ್ಮೆಥ್ರಿನ್. ಈ ಒಂದು ಹೆಸರನ್ನು ಬೆಕ್ಕು ಸಾಕಿದವರು ಬರೆದಿಟ್ಟುಕೊಳ್ಳಬೇಕು. ನಾಯಿಯ ಕತ್ತಿನ ಹಿಂದೆ ತೊಟ್ಟಿಕ್ಕುವ ಎಷ್ಟೋ ಔಷಧಿಗಳಲ್ಲಿ ಇದಿರುತ್ತದೆ. ನಾಯಿಗೆ ಏನೂ ಆಗುವುದಿಲ್ಲ, ಬೆಕ್ಕಿನ ಯಕೃತ್ತಿಗೆ ಮಾತ್ರ ಇದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಪರಿಚಯದ ಹುಡುಗಿಯೊಬ್ಬಳು ಬೇರೆಲ್ಲೋ ಕೊಂಡ ನಾಯಿಯ ಔಷಧಿಯಲ್ಲಿ ಕಾಲುಭಾಗ ಉಳಿಯಿತೆಂದು ಬೆಕ್ಕಿಗೆ ಹಾಕಿದಳು. ಬೆಕ್ಕು ಚಿಕ್ಕದು, ಔಷಧಿಯೂ ಚಿಕ್ಕದು ಎಂಬ ಲೆಕ್ಕ. ಸಂಜೆಯ ಹೊತ್ತಿಗೆ ಅದರ ಕಿವಿ ಅದುರತೊಡಗಿತು, ಆಮೇಲೆ ಇಡೀ ಮೈ, ಬಾಯಲ್ಲಿ ಜೊಲ್ಲು, ರಾತ್ರಿ ಸೆಳವು. ಹೀಗಾದರೆ ಹಾಲು ಕುಡಿಸುತ್ತಾ ಕೂರಬೇಡಿ. ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಬಟ್ಟೆ ಸುತ್ತಿಕೊಂಡು ವೈದ್ಯರ ಹತ್ತಿರ ಓಡಿ. ಆ ಬೆಕ್ಕು ಬದುಕಿತು, ಎಲ್ಲವೂ ಬದುಕುವುದಿಲ್ಲ.

ನಾಯಿ, ಬೆಕ್ಕು ಎರಡೂ ಒಂದೇ ಮನೆಯಲ್ಲಿದ್ದು, ಒಂದರ ಮೇಲೊಂದು ಮಲಗುವ ಸ್ನೇಹಿತರಾದರೆ ನಾಯಿಗೂ ಪರ್ಮೆಥ್ರಿನ್ ಬೇಡ. ಉಣ್ಣೆಗೆ ಬಳಸುವ ಇನ್ನೊಂದು ಔಷಧಿ ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು. ಸುವಾಸನೆಯ ಟೀ ಟ್ರೀ ಎಣ್ಣೆಯೂ ಆಗದು, ಅದು ಗಿಡದಿಂದ ಬಂದದ್ದೇ ಆಗಿದ್ದರೂ. ಫಿಪ್ರೊನಿಲ್ ಬೆಕ್ಕಿಗೆಂದೇ ತಯಾರಾದದ್ದು ಸಿಗುತ್ತದೆ, ಅದನ್ನು ಬಳಸಬಹುದು. ಆದರೆ ಮೊಲ ಸಾಕಿದವರು ಮೊಲಕ್ಕೆ ಅದನ್ನು ಹಾಕಬಾರದು.

ಎಷ್ಟು ಕಿಲೋ?

"ಇಷ್ಟು ಎತ್ತರ ಇದೆ" ಎಂದು ಕೈ ತೋರಿಸಿದರೆ ನನಗೆ ತಿಳಿಯುವುದಿಲ್ಲ. ಚಿಕ್ಕ ನಾಯಿಯಾದರೆ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆಯಿರಿ. ದೊಡ್ಡದಾದರೆ ಗೊಬ್ಬರದ ಅಂಗಡಿಯ ತಕ್ಕಡಿ ಇದೆ, ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿ ಇದೆ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಮರಿಗಳಿಗೆ ಪ್ರತಿ ತಿಂಗಳೂ ಹೊಸದಾಗಿ ತೂಗಬೇಕು.

ನಾಯಿಗೆ ಸಿಗುವ ಔಷಧಿಗಳು ಸ್ಥೂಲವಾಗಿ ಎರಡು ಬಗೆ. ಕತ್ತಿನ ಹಿಂದೆ ಚರ್ಮಕ್ಕೆ ಬಿಡುವ ಹನಿ ಅಗ್ಗ. ಕೂದಲನ್ನು ಬಗೆದು ಚರ್ಮ ಕಾಣಿಸಿಕೊಂಡು ಬಿಡಬೇಕು. ಹಿಂದಿನ ಮುಂದಿನ ಎರಡೆರಡು ದಿನ ಸ್ನಾನವಿಲ್ಲ, ವಿ.ಸಿ. ನಾಲೆಯಲ್ಲಿ ಈಜೂ ಇಲ್ಲ. ಒಣಗುವವರೆಗೆ ಮಕ್ಕಳು ತಬ್ಬಿಕೊಳ್ಳಬಾರದು. ಇನ್ನೊಂದು ಬಗೆ ನುಂಗಿಸುವ ಮಾತ್ರೆ: ಅಫಾಕ್ಸೊಲೇನರ್, ಸಾರೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಒಮ್ಮೆ ಕೊಟ್ಟರೆ ಸುಮಾರು 12 ವಾರ. ದುಬಾರಿ ಎಂದು ಎಲ್ಲರೂ ಹುಬ್ಬೇರಿಸುತ್ತಾರೆ. ಮೂರು ತಿಂಗಳಲ್ಲಿ ನೀವು ಕೊಂಡು ಎಸೆದ ಸೋಪು, ಪುಡಿ, ಶಾಂಪೂಗಳ ಲೆಕ್ಕ ಹಾಕಿ ಆಮೇಲೆ ಹೇಳಿ ಎನ್ನುತ್ತೇನೆ. ಫ್ಲುರಲೇನರ್ ಅನ್ನು ಊಟದ ಜೊತೆಗೇ ಕೊಡಬೇಕು, ಬರಿಹೊಟ್ಟೆಯಲ್ಲಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆ ಕೊಟ್ಟ ಮರುದಿನವೇ ನಾಯಿಯ ಮೇಲೆ ಉಣ್ಣೆ ಕಂಡರೆ ಗಾಬರಿ ಬೇಡ. ಉಣ್ಣೆ ಕಚ್ಚಿ ರಕ್ತ ಕುಡಿದ ಮೇಲೆಯೇ ಸಾಯುವುದು. ನಾಯಿಗೆ ಹಿಂದೆ ಸೆಳವು ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಈ ಜಾತಿಯ ಮಾತ್ರೆಗಳು ಕೆಲವು ನಾಯಿಗಳಲ್ಲಿ ನಡುಕ, ಸೆಳವು ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಎರಡು ತಿಂಗಳೊಳಗಿನ, ಎರಡು ಕಿಲೋಗಿಂತ ಕಡಿಮೆಯ ಮರಿಗೂ ಬೇಡ.

ಈಗ ಮಂಡ್ಯ ಜಿಲ್ಲೆಯ ಅತಿ ದೊಡ್ಡ ಕೆಟ್ಟ ಅಭ್ಯಾಸಕ್ಕೆ ಬರುತ್ತೇನೆ. ಹಸುವಿಗೆಂದು ತಂದ ಬಾಟಲಿಯಲ್ಲೇ ನಾಯಿಗೂ ಸ್ವಲ್ಪ. ಹಸುವಿನ ಮೈಗೆ ಬೆರೆಸುವ ಪ್ರಮಾಣ ಬೇರೆ, ಹಸುವಿನ ಚರ್ಮ ಬೇರೆ; ಮೇಲಾಗಿ ನಾಯಿ ಒದ್ದೆ ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದಂತೂ ಇನ್ನೂ ಅಪಾಯ. ದನಗಳ ಪ್ರಮಾಣಕ್ಕೆ ತಯಾರಾದ ಆ ದ್ರವ ಒಂದೆರಡು ಗೆರೆ ಹೆಚ್ಚಾದರೂ ಸಣ್ಣ ನಾಯಿ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಕಾಲಿ ಜಾತಿಯಂಥ ಕುರಿಕಾಯುವ ನಾಯಿಗಳಲ್ಲಿ ಅನೇಕಕ್ಕೆ ಹುಟ್ಟಿನಿಂದಲೇ ಇದನ್ನು ತಡೆಯುವ ಶಕ್ತಿ ಇರುವುದಿಲ್ಲ. "ಪಕ್ಕದ ಮನೆಯವರು ಹಾಕಿಸಿದ್ದರು, ಏನೂ ಆಗಲಿಲ್ಲ" ಎನ್ನುವವರಿಗೆ ನಾನು ಚೀಟಿಯಿಲ್ಲದೆ ಕೊಡುವುದಿಲ್ಲ, ಜಗಳವಾಡಿದರೂ.

ಮನೆಮದ್ದಿನ ವಿಷಯ. ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ತೆಳುವಾಗಿ ಸವರಿದರೆ ದೊಡ್ಡ ನಾಯಿಗೆ ತೊಂದರೆಯಿಲ್ಲ, ದೊಡ್ಡ ಉಪಯೋಗವೂ ಇಲ್ಲ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಹುಣಸೂರು, ಪಿರಿಯಾಪಟ್ಟಣ ಕಡೆ ತಂಬಾಕು ನೆನೆಸಿದ ನೀರು ಹುಯ್ಯುವವರಿದ್ದಾರೆ. ಆ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ನುಸಿಗುಳಿಗೆಯನ್ನು ನಾಯಿಗೂಡಿನಲ್ಲಿ ಇಡಬೇಡಿ, ನೆಕ್ಕಿದರೆ ವಿಷ.

ಮೈಮೇಲಿರುವ ಉಣ್ಣೆಯನ್ನು ಕೈಯಲ್ಲಿ ಹಿಸುಕಬೇಡಿ. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಹುಡುಕಿ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಎಣ್ಣೆ ಬಿಡುವುದು, ಊದುಬತ್ತಿ ತಾಗಿಸುವುದು ಬೇಡ. ಉಣ್ಣೆ ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಕಿತ್ತದ್ದನ್ನು ಸರ್ಜಿಕಲ್ ಸ್ಪಿರಿಟ್ ಇರುವ ಮುಚ್ಚಳದ ಬಾಟಲಿಗೆ ಹಾಕಿ. ಬರಿ ನೀರಿನಲ್ಲಿ ಹಾಕಿದರೆ ಸಾಯುವುದಿಲ್ಲ, ಚರಂಡಿಗೆ ಎಸೆದರೆ ವಾಪಸ್ ಹತ್ತಿ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಔಷಧಿ ನಿಲ್ಲಿಸಬಹುದೇ ಎಂದು ಕೇಳುತ್ತಾರೆ. ಉಣ್ಣೆ ಸಾಯುವಂಥ ಚಳಿ ನಮ್ಮ ಮೈಸೂರು, ಮಂಡ್ಯದಲ್ಲಿ ಎಲ್ಲಿದೆ?

ಚಿಗಟ

ಚಿಗಟದ ಮಾತು ಬೇಗ ಮುಗಿಯುತ್ತದೆ. ನಾಯಿ ಸೊಂಟದ ಹತ್ತಿರ ಕಡಿದುಕೊಳ್ಳುತ್ತಿದ್ದರೆ ಅಲ್ಲಿನ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪುಗಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಎಂದರೆ ಜೀರ್ಣವಾದ ರಕ್ತ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಮೊಟ್ಟೆ ನಾಯಿ ಬೆಕ್ಕು ಓಡಾಡಿದಲ್ಲೆಲ್ಲ ಉದುರುತ್ತದೆ. ದಿನವೂ ಗುಡಿಸಿ, ಚಾಪೆ ಮತ್ತು ಸೋಫಾ ಕೆಳಗಿನ ದೂಳು ತೆಗೆದು ಹೊರಗೆ ಸುರಿಯಿರಿ. ಔಷಧಿ ಕೊಟ್ಟ ಮೇಲೂ ಕೆಲವು ವಾರ ಹೊಸ ಚಿಗಟ ಕಾಣುತ್ತದೆ, ಅದು ಮರಿ ಚಿಗಟಗಳು ತಾವೇ ಕಟ್ಟಿಕೊಂಡ ಗೂಡಿನೊಳಗೆ ಇದ್ದವು ಹೊರಬರುವುದು. ಬೀಗ ಹಾಕಿದ್ದ ಮನೆಗೆ ರಜೆ ಮುಗಿಸಿ ಬಂದಾಗ ಒಟ್ಟಿಗೇ ಮುತ್ತುವುದೂ ಇದಕ್ಕೇ. ನಿಮ್ಮ ಹೆಜ್ಜೆಯ ಅದುರುವಿಕೆಗೆ ಅವು ಎದ್ದು ಬರುತ್ತವೆ.

ನಾಯಿಯ ಗುದದ ಸುತ್ತ ಅಥವಾ ಹಾಸಿಗೆಯಲ್ಲಿ ಒಣಗಿದ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳುವಿನ ತುಂಡು. ಚಿಗಟವನ್ನು ನುಂಗಿದ್ದರಿಂದ ಬಂದದ್ದು. ಜಂತುಹುಳುವಿನ ಮಾತ್ರೆ ಎಷ್ಟು ಸಲ ಕೊಟ್ಟರೂ ಚಿಗಟ ಹೋಗದೆ ಅದು ಹೋಗದು.

ಹೊಟ್ಟೆಯ ಹುಳು, ಮತ್ತು ಹೊಸತೊಡಕು

ನಾಯಿಮರಿಗೆ ದುಂಡುಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಬಂದಿರುತ್ತದೆ, ಕೊಕ್ಕೆಹುಳು ಹಾಲಿನಿಂದ ಬರುತ್ತದೆ. ಹಾಗಾಗಿ ಮೊದಲ ಔಷಧಿ ಎರಡು ವಾರದ ವಯಸ್ಸಿಗೇ. ಆಮೇಲೆ ಎಂಟು ವಾರ ತುಂಬುವವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ. ಮರಿಗಳ ಜೊತೆ ತಾಯಿಗೂ ಕೊಡಿ. ಮರಿಯ ವಸಡು ಬಿಳಚಿ, ಮಲ ಟಾರಿನಂತೆ ಕಪ್ಪಾದರೆ ಕೊಕ್ಕೆಹುಳು ರಕ್ತ ಹೀರುತ್ತಿದೆ ಎಂದು ಶಂಕಿಸಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಶಾಲೆಯಲ್ಲಿ ಫೆಬ್ರವರಿ, ಆಗಸ್ಟಿನಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ಉಳಿದಿದೆ, ನಾಯಿಗೆ ಹಾಕಲೇ ಎನ್ನುತ್ತಾರೆ. ಹಾಕಬೇಡಿ. ಅದು ನಾಯಿ, ಬೆಕ್ಕಿನ ಮೂಳೆಮಜ್ಜೆಗೆ ಹಾನಿ ಮಾಡಬಹುದು.

ದೊಡ್ಡ ನಾಯಿಗಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕುರಿಯ ಒಳಾಂಗ. ಬನ್ನೂರು ಕುರಿಯ ಸೀಮೆ ನಮ್ಮದು. ಯುಗಾದಿಯ ಮಾರನೆಯ ದಿನ ಹೊಸತೊಡಕು, ಊರೂರಲ್ಲೂ ಗುಡ್ಡೆ ಮಾಂಸ. ಕುರಿ ಕಡಿದ ಜಾಗದಲ್ಲಿ ನೀರುಗುಳ್ಳೆ ಇರುವ ಶ್ವಾಸಕೋಶ, ಈಲಿಯನ್ನು (ಯಕೃತ್ತು) ಇದು ತಿನ್ನಲು ಯೋಗ್ಯವಲ್ಲ ಎಂದು ನಾಯಿಗೆ ಎಸೆಯುತ್ತಾರೆ. ಎಸೆಯಲೇಬಾರದ್ದು ಅದೇ. ಆ ಗುಳ್ಳೆಯೊಳಗೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಸಾವಿರಾರು ತಲೆಗಳಿರಬಹುದು. ನಾಯಿಯ ಕರುಳಿನಲ್ಲಿ ಅವು ಕೆಲವೇ ಮಿಲಿಮೀಟರ್ ಉದ್ದ ಬೆಳೆಯುತ್ತವೆ, ಮಲದಲ್ಲಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ನಾಯಿಗೆ ಕಾಯಿಲೆಯೂ ಕಾಣಿಸುವುದಿಲ್ಲ. ಅವುಗಳ ಮೊಟ್ಟೆ ನಾಯಿಯ ಕೂದಲಿಗೆ, ಅಲ್ಲಿಂದ ಮಗುವಿನ ಕೈಗೆ, ಬಾಯಿಗೆ. ವರ್ಷಗಳ ಮೇಲೆ ಮನುಷ್ಯನ ಈಲಿಯಲ್ಲೋ ಶ್ವಾಸಕೋಶದಲ್ಲೋ ಅದೇ ನೀರುಗುಳ್ಳೆ ಬೆಳೆದು ಕಾಣಿಸಿಕೊಳ್ಳುತ್ತದೆ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಆಗಬೇಕಾಗುತ್ತದೆ.

ಒಳಾಂಗವನ್ನು ಆಳವಾಗಿ ಹೂಳಿ, ಇಲ್ಲವೇ ಸುಡಿ. ನಾಯಿಗೆ ಕೊಡಲೇಬೇಕೆಂದಿದ್ದರೆ ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ ಕೊಡಿ. ನಾಯಿ ಊರೆಲ್ಲ ಸುತ್ತಿ ಮಾಂಸದಂಗಡಿಯ ಹಿಂದೆ ತಿಂದು ಬರುವಂಥದ್ದಾದರೆ ಲಾಡಿಹುಳು ಸಾಯಿಸುವ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ಆರು ವಾರಕ್ಕೊಮ್ಮೆ ಕೊಡುವ ಬಗ್ಗೆ ವೈದ್ಯರನ್ನು ಕೇಳಿ. ಎಲ್ಲ ಜಂತುಹುಳು ಮಾತ್ರೆಯಲ್ಲೂ ಪ್ರಾಜಿಕ್ವಾಂಟೆಲ್ ಇರುವುದಿಲ್ಲ, ಮಾತ್ರೆಯ ಪಟ್ಟಿಯ ಹಿಂದೆ ಬರೆದದ್ದನ್ನು ಓದಿ. ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿ, ಅದರ ಮಲವನ್ನು ಹೂಳಿ.

ಮನೆಯ ಜನಕ್ಕೆ

ನಾಯಿಯ ಹುಳುವಿನಿಂದ ಮಗುವಿಗೆ ಜಂತುಹುಳು ಆಯಿತು ಎಂದು ನಾಯಿಯನ್ನು ದೂರ ಬಿಟ್ಟು ಬಂದವರಿದ್ದಾರೆ. ಮಕ್ಕಳ ಮಲದಲ್ಲಿ ಬೀಳುವ ಉದ್ದನೆಯ ದುಂಡುಹುಳು ಸಾಮಾನ್ಯವಾಗಿ ಮನುಷ್ಯರದೇ ಹುಳು. ನಾಯಿಯ ದುಂಡುಹುಳು ಮನುಷ್ಯನ ಹೊಟ್ಟೆಯಲ್ಲಿ ಬಲಿಯುವುದಿಲ್ಲ. ಅದರ ಮರಿ ಈಲಿ, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿಗೂ ಅಲೆದು ತೊಂದರೆ ಕೊಡುತ್ತದೆ. ಮಲದಲ್ಲಿನ ಮೊಟ್ಟೆ ಅಂಟುವ ಸ್ಥಿತಿಗೆ ಬರಲು ಕೆಲವು ವಾರ ಬೇಕು, ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಂದಂದಿನ ಮಲವನ್ನು ಅಂದಂದೇ ಎತ್ತಿದರೆ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ. ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿಯನ್ನು ಮುಚ್ಚಿಡಿ. ಮಕ್ಕಳು ಆಡುವುದೂ ಅಲ್ಲೇ, ನಾಯಿ ಬೆಕ್ಕುಗಳಿಗೂ ಅದೇ ಬೇಕು.

ಸೊಸೆ ಬಸುರಿಯಾದ ಕೂಡಲೇ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಸಾಗಿಸುವ ಅತ್ತೆಯಂದಿರಿಗೊಂದು ಮಾತು. ಬೆಕ್ಕಿನ ಮಲದಿಂದ ಅಂಟಿ ಹೊಟ್ಟೆಯ ಮಗುವಿಗೆ ತೊಂದರೆ ಕೊಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿನ ಭಯ ಸುಳ್ಳಲ್ಲ. ಆದರೆ ಬೆಕ್ಕಿನ ಮಲದಲ್ಲಿ ಬಿದ್ದದ್ದು ಅಂಟುವಂತಾಗಲು ಒಂದರಿಂದ ಐದು ದಿನ ಬೇಕು. ಮಲದ ತಟ್ಟೆಯನ್ನು ದಿನವೂ ಬೇರೆ ಯಾರಾದರೂ ಚೊಕ್ಕಟ ಮಾಡಲಿ, ಬೆಕ್ಕಿಗೆ ಹಸಿ ಮಾಂಸ ಬೇಡ. ಬಸುರಿ ಕೈಗವಸಿಲ್ಲದೆ ಕೈತೋಟದ ಮಣ್ಣು ಮುಟ್ಟದಿರಲಿ. ಸರಿಯಾಗಿ ಬೇಯದ ಮಾಂಸದಿಂದಲೂ ಇದೇ ರೋಗ ಬರುತ್ತದೆ, ಬೆಕ್ಕನ್ನು ಓಡಿಸಿ ಅರೆಬೆಂದ ಮಾಂಸ ಬಡಿಸಿದರೆ ಏನು ಬಂತು?

ನಾಯಿಯ ಉಣ್ಣೆಯಿಂದ ಮಂಗನ ಕಾಯಿಲೆ ಬರುತ್ತದೆಯೇ ಎಂದೂ ಕೇಳುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣ್ಣೆ, ನಿಮ್ಮ ಗೋಡೆಯದಲ್ಲ. ಆದರೆ ಗೋಡೆಯ ಉಣ್ಣೆಯೂ ಅಪರೂಪಕ್ಕೆ ಮನುಷ್ಯರನ್ನು ಕಚ್ಚಿ ಬೇರೆ ಬಗೆಯ ಜ್ವರ ತರಬಲ್ಲದು. ಉಣ್ಣೆ ಕಚ್ಚಿದ ಕೆಲವು ದಿನಗಳಲ್ಲಿ ಜ್ವರ, ಮೈಮೇಲೆ ಕೆಂಪು ಗುಳ್ಳೆ ಬಂದರೆ ವೈದ್ಯರಿಗೆ ಉಣ್ಣೆಯ ವಿಷಯ ಹೇಳಿ.

ನಾಯಿಗೆ ಬರುವ ಉಣ್ಣೆ ಜ್ವರಗಳು ಮುಖ್ಯವಾಗಿ ಎರಡು, ಎರ್ಲಿಕಿಯಾ ಮತ್ತು ಬೆಬೀಸಿಯಾ. ಊಟ ಬಿಡುವುದು, ಜ್ವರ, ಬಿಳಚಿದ ವಸಡು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆ, ಕಾಫಿ ಬಣ್ಣದ ಮೂತ್ರ; ಇವುಗಳಲ್ಲಿ ಯಾವುದು ಕಂಡರೂ ರಕ್ತ ಪರೀಕ್ಷೆ ಮಾಡಿಸಿ. ಎರಡಕ್ಕೂ ಔಷಧಿ ಬೇರೆ ಬೇರೆ, ಅಂದಾಜಿನ ಮೇಲೆ ಅಂಗಡಿಯಲ್ಲಿ ಕೇಳಬೇಡಿ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಬರೆದರೆ ಸಾಮಾನ್ಯವಾಗಿ 28 ದಿನ. ಐದನೇ ದಿನ ನಾಯಿ ಬಾಲ ಅಲ್ಲಾಡಿಸಿ ಅನ್ನ ತಿಂದಿತೆಂದು ಉಳಿದ ಮಾತ್ರೆ ವಾಪಸ್ ತಂದು ದುಡ್ಡು ಕೇಳುವವರಿದ್ದಾರೆ. ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ಊಟದ ಮೇಲೆ ಪೂರ್ತಿ ಕೊಡಿ ಎಂದು ಕಳಿಸುತ್ತೇನೆ.

ಇನ್ನು ಬಾಟಲಿಯ ಮಾತು. ನೀರಿಗೆ ಬೆರೆಸಿದ ಉಣ್ಣೆ ಔಷಧಿಯನ್ನು ನಾಳೆಗೆಂದು ಇಡಬೇಡಿ, ಸತ್ವ ಹೋಗುತ್ತದೆ. ತಂಪು ಪಾನೀಯದ ಬಾಟಲಿಗೆ ಸುರಿದಿಡುವುದಂತೂ ಬೇಡವೇ ಬೇಡ. ಖಾಲಿ ಬಾಟಲಿಯನ್ನು ನಾಲೆಯಲ್ಲಿ, ಕೆರೆಯಲ್ಲಿ ತೊಳೆಯಬೇಡಿ, ಮೀನು ಸಾಯುತ್ತದೆ. ತೂತು ಮಾಡಿ, ಕಾಗದದಲ್ಲಿ ಸುತ್ತಿ, ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ. ಮುಂದಿನ ಸಲ ಅಂಗಡಿಗೆ ಬರುವಾಗ ನಾಯಿಯ ತೂಕವನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಹಳೇ ಔಷಧಿಯ ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ. "ಹಳದಿ ಡಬ್ಬಿ, ಮೇಲೆ ನಾಯಿ ಚಿತ್ರ" ಎಂದರೆ ನನ್ನ ಅಂಗಡಿಯಲ್ಲಿ ಅಂಥವು ಸಾಲಾಗಿವೆ.